ಹೆಸರಿಗೆಷ್ಟು, ಕಾಳಿಗೆಷ್ಟು

ಮೂವತ್ತೊಂದು ವರ್ಷ ಡುಲೂತ್ ಬಂದರಿನಲ್ಲಿ
ಅದಿರು ತೂಗಿದವನು ನನ್ನ ಗಂಡ, ಐನಾರ್.
ಸುಟ್ಟ ಕಬ್ಬಿಣದ ಉಂಡೆಗಳು, ಗೋಲಿಯಷ್ಟು ಗಾತ್ರ,
ಹಡಗಿನ ಹೊಟ್ಟೆಗೆ ಸುರಿಯುವಾಗ ಮಾತು ಕೇಳಿಸುತ್ತಿರಲಿಲ್ಲ.
ಹಾಗಾಗಿ ಮಾತು ಕಲಿಯಲೇ ಇಲ್ಲ.
ಹತ್ತು ಟನ್ನು ಹೆಚ್ಚುಕಮ್ಮಿಯಾದ ರಾತ್ರಿ
ಅವನಿಗೆ ಊಟ ಸೇರುತ್ತಿರಲಿಲ್ಲ.

ಈಗ ತಿಂಗಳಿಗೆ ನೂರಿಪ್ಪತ್ತು ಗುಳಿಗೆ.
ದಿನಕ್ಕೆ ನಾಲ್ಕು, ಬರಿಹೊಟ್ಟೆಯಲ್ಲಿ.
ಉಂಡು ಎರಡು ಗಂಟೆ ಕಳೆದಿರಬೇಕು,
ನುಂಗಿ ಒಂದು ಗಂಟೆ ಏನೂ ಮುಟ್ಟಬಾರದು.
ಆ ಒಂದು ಗಂಟೆ ಅವನು ಕಿಟಕಿ ತೆರೆದು ನಿಲ್ಲುತ್ತಾನೆ.
ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ,
ಅವನ ಕುತ್ತಿಗೆಯಲ್ಲಿ ಬೆವರು.
"ಮುಟ್ಟು ನಿಂತಾಗ ನಿನಗೂ ಹೀಗೇ ಆಗಿತ್ತಾ?"
ನಲವತ್ತಾರು ವರ್ಷದ ಸಂಸಾರದಲ್ಲಿ
ನನ್ನ ಮೈಯ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ.

ಬೆಲೆಯ ವಿಷಯಕ್ಕೆ ಬರುತ್ತೇನೆ.
ಹೆಸರಿರುವ ಡಬ್ಬಿ ತಿಂಗಳಿಗೆ ಹತ್ತು ಸಾವಿರದ ಎಂಟುನೂರು ಡಾಲರು.
ಹೆಸರಿಲ್ಲದ್ದು, ನಮ್ಮ ಬೀದಿಯ ಅಂಗಡಿಯಲ್ಲಿ, ಎರಡು ಸಾವಿರದ ಮುನ್ನೂರು.
ಅದೇ ಹೆಸರಿಲ್ಲದ್ದು, ಸೇತುವೆ ದಾಟಿ ಸುಪೀರಿಯರ್‌ಗೆ ಹೋದರೆ,
ನೂರಾ ಮೂವತ್ತೆರಡು.
ಮೂರು ದಿನ ಫೋನು ಹಿಡಿದು ಕೂತಿದ್ದೆ,
ಕಾಯಿಸುವಾಗ ಅವರು ಹಾಕುವ ಪಿಯಾನೋ ಬಾಯಿಪಾಠವಾಗಿದೆ.
ಅಂಗಡಿಯವರು ವಿಮೆಯವರತ್ತ ಬೆರಳು ತೋರಿಸಿದರು,
ವಿಮೆಯವರು ನಡುವಿನವರತ್ತ,
ನಡುವಿನವರು ಕಂಪನಿಯತ್ತ.
ದನಿಗಳೆಲ್ಲ ಬಹಳ ನಯವಾಗಿದ್ದವು.

"ಹೆಸರಿನದ್ದೇ ಇರಲಿ" ಅಂದ ಐನಾರ್.
ಯಾರು, ಇವನಾ?
ಚೀಲದ ಮೇಲೆ ಬರೀ "ಕಾಫಿ" ಎಂದಿರುವ ಪುಡಿ ಕುಡಿದವನು,
ಸತ್ತ ಅಣ್ಣನ ಬೂಟು ಸವೆಸಿದವನು,
ನನ್ನ ಮದುವೆಯುಂಗುರವನ್ನು ಗಿರವಿ ಅಂಗಡಿಯಲ್ಲಿ ಕೊಂಡವನು.
ಅದರ ಒಳಗೆ ಬೇರೆ ಯಾರದೋ ಮೊದಲಕ್ಷರ ಇನ್ನೂ ಇದೆ.
ಜೀವಕ್ಕೆ ಹೆದರಿ ಒಂದೇ ಒಂದು ಸಲ ಹೆಸರು ಕೇಳಿದ.
ದೋಣಿ ಮಾರೋಣ ಎಂದ.
ದೋಣಿಗೆ ಹದಿನೈದು ದಿನದ ಗುಳಿಗೆ ಬರುತ್ತದೆ,
ಹದಿನಾರನೆಯ ದಿನ? ಎಂದು ಕೇಳಲಿಲ್ಲ ನಾನು.
ಕಾರಿನ ಕೀಲಿ ತೆಗೆದುಕೊಂಡೆ.

ಸುಪೀರಿಯರ್‌ನ ಅಂಗಡಿಯಲ್ಲಿ ಪಾ ನ್ಯಾ ಎಂಬ ಹ್ಮಾಂಗ್ ಹುಡುಗಿ.
ನೀಲಿ ತಟ್ಟೆಯ ಮೇಲೆ ಅವಳ ಗುಳಿಗೆ ಒಂದು,
ಡಾಕ್ಟರು ಕೊಟ್ಟ ಮಾದರಿ ಡಬ್ಬಿಯಲ್ಲಿ ಉಳಿದ ನಮ್ಮದೊಂದು.
ಐನಾರ್ ಕೋಟಿನ ಜೇಬಿನಿಂದ
ತೋಟಾ ತುಂಬುವಾಗ ಮದ್ದು ತೂಗುವ ಪುಟ್ಟ ತಕ್ಕಡಿ ತೆಗೆದ.
ನಾನು ನಾಚಿ ಕೆಮ್ಮಿನ ಸಿರಪ್ಪುಗಳ ಕಡೆ ತಿರುಗಿದೆ.
"ತೂಕ ಬೇರೆ" ಎಂದ, ಸಿಕ್ಕಿಬಿದ್ದ ಕಳ್ಳನನ್ನು ಕಂಡವನಂತೆ.
"ಅದು ಹಿಟ್ಟಿನ ತೂಕ. ಕಟ್ಟಿ ಹಿಡಿಯುವುದಕ್ಕೆ.
ಮದ್ದು ಎರಡರಲ್ಲೂ ಇನ್ನೂರೈವತ್ತು ಮಿಲಿಗ್ರಾಂ."
"ಮತ್ತೆ ಆ ಹತ್ತು ಸಾವಿರ ಎಲ್ಲಿ ಕೂತಿದೆ?"
ಅವಳು ಏನೂ ಹೇಳದೆ
ನಮ್ಮ ಗುಳಿಗೆಯನ್ನು ಮಗುಚಿ ಹಾಕಿದಳು.
ಅಚ್ಚೊತ್ತಿದ ಅಕ್ಷರಗಳು. ಕನ್ನಡಕ ಹಾಕಿದರೆ ಓದಬಹುದು.

ವಾಪಸು ಬರುವಾಗ ಸೇತುವೆಯ ಮೇಲೆ ಕಾರು ನಿಧಾನಿಸು ಎಂದ.
ಕೆಳಗೆ ಹಿಮಗಟ್ಟಿದ ಬಂದರಿನಲ್ಲಿ
ಚಳಿಗಾಲಕ್ಕೆ ಕಟ್ಟಿಹಾಕಿದ ಹಡಗು.
"ಅದಕ್ಕಿದು ಮೂರನೆಯ ಹೆಸರು. ಮಾರಿದಾಗಲೆಲ್ಲ ಬಣ್ಣ ಬಳಿಯುತ್ತಾರೆ.
ಬಿಸಿಲು ಓರೆಯಾದರೆ ಹಳೆಯ ಅಕ್ಷರ ಕಾಣುತ್ತದೆ."
ಸ್ವಲ್ಪ ಹೊತ್ತಿನ ಮೇಲೆ,
"ಹಿಡಿಸುವುದು ಮಾತ್ರ ಅಷ್ಟೇ."

ಅಷ್ಟು ಮಾತಿಗೆ ಅವನಿಗೆ ಸುಸ್ತಾಯಿತು.

ನಂಬಿದನೋ, ಒಪ್ಪಿದನೋ, ಗೊತ್ತಿಲ್ಲ.
ನನಗೂ ಪೂರ್ತಿ ನಂಬಿಕೆಯಿದೆಯೆಂದರೆ ಸುಳ್ಳಾಗುತ್ತದೆ.
ರಕ್ತದ ಲೆಕ್ಕ ಬರುವುದು ಏಪ್ರಿಲಿನಲ್ಲಿ, ಹಿಮ ಒಡೆದ ಮೇಲೆ.
ಅಲ್ಲಿಯವರೆಗೆ ನಾಲ್ಕು ಗುಳಿಗೆ, ಒಂದು ಗಂಟೆ, ತೆರೆದ ಕಿಟಕಿ.
ನಾನು ಕೋಟು ಹಾಕಿಕೊಂಡು
ಅವನ ಪಕ್ಕ ನಿಲ್ಲುತ್ತೇನೆ.